ಯಾರೂ ಒತ್ತದೆ ಬಿಟ್ಟ ಬಟನ್

ಈಗ ಕೆಲಸಕ್ಕೆ ಸೇರೋ ಹುಡುಗರು ಸರ್ವರ್ ರೂಮ್ ಅಂದ್ರೆ ಗಾಜಿನ ಬಾಗಿಲು, ಮಿಣಮಿಣ ನೀಲಿ ದೀಪ, ಹಲ್ಲು ಕಟಕಟ ಅನ್ನೋ ಚಳಿ ಅಂದ್ಕೊಂಡು ಬರ್ತಾರೆ. ನಮ್ಮದು ಬೆಡ್‌ಶೀಟ್ ರೂಮಾಗಿತ್ತು. ಒಂದು ಗೋಡೆಗೆ ಒಗೆದು ಮಡಚಿದ ಬೆಡ್‌ಶೀಟು, ದಿಂಬಿನ ಕವರು; ಇನ್ನೊಂದು ಗೋಡೆಗೆ ಸರ್ವರ್; ಎರಡರ ಮಧ್ಯೆ ನನ್ನ ಕುರ್ಚಿ. ದೋಬಿ ಗಂಟು ಹೊತ್ಕೊಂಡು ಬಂದಾಗೆಲ್ಲ ನಾನು ಎದ್ದು ಹೊರಗೆ ಹೋಗಬೇಕು, ಇಲ್ಲದಿದ್ರೆ ಅವನಿಗೆ ತಿರುಗೋಕೆ ಜಾಗ ಇಲ್ಲ. ಇಡೀ ಆಸ್ಪತ್ರೆಯ ರೋಗಿಗಳ ವಿವರ ಆ ರೂಮಿನಲ್ಲಿ, ಸೋಪಿನ ವಾಸನೆಯ ನಡುವೆ ಇತ್ತು. ನಿವೃತ್ತಿಯಾಗಿ ಇಷ್ಟು ವರ್ಷ ಆದ್ರೂ ಒಗೆದ ಬಟ್ಟೆ ಮಡಚುವಾಗ ನನಗೆ ಕಂಪ್ಯೂಟರೇ ನೆನಪಾಗುತ್ತೆ.

ಬಡ್ತಿ ಯಾವಾಗ ಸಿಕ್ತು, ಯಾರ ಕೈಯಿಂದ ಶಾಲು ಹೊದ್ದೆ ಅನ್ನೋದನ್ನೆಲ್ಲ ಬರೆಯೋಕೆ ಹೋಗಲ್ಲ. ಓದೋರಿಗೂ ಬೇಜಾರು, ನಂಗೂ ನಾಚಿಕೆ. ಈ ಕೆಲಸ ನಿಜಕ್ಕೂ ಹೇಗಿರುತ್ತೆ ಅಂತ ನನ್ನ ಕುರ್ಚಿಗೆ ಬಂದ ಹುಡುಗಿಗೆ ಗೊತ್ತಾಗಲಿ ಅಂತ ಬರೀತಿದ್ದೀನಿ. ಅವಳು ಬುದ್ಧಿವಂತೆ. ಆದ್ರೆ, "ವಿಶಾಲಕ್ಕಾ, ಈಗ ಟೆಸ್ಟಿಂಗ್ ಎಲ್ಲಾ ಆಟೋಮ್ಯಾಟಿಕ್ಕು" ಅಂತಾಳೆ. ಆಗಲಿ ಮಾರಾಯ್ತಿ, ಆಗಲಿ. ಮನುಷ್ಯರು ಇನ್ನೂ ಆಟೋಮ್ಯಾಟಿಕ್ ಆಗಿಲ್ಲವಲ್ಲ.

ನಾನು ಮೊದಲು ಕಂಪ್ಯೂಟರ್ ಮುಟ್ಟಿದ್ದು ತೊಂಬತ್ತರ ದಶಕದಲ್ಲಿ, ಭದ್ರಾವತಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿ. ಆಗ ಆ ರೂಮಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ದೇವರ ಮನೆಗಿಂತ ಮಡಿ. ನಮ್ಮ ಸೆಕ್ಷನ್ ಹೆಡ್ಡು ಸಂಜೆ ಹೊರಡೋ ಮುಂಚೆ ಮಾನಿಟರಿಗೆ ಬಟ್ಟೆ ಹೊದಿಸಿ, ಮಗು ಮಲಗಿಸಿದ ಹಾಗೆ ಎರಡು ಸಲ ತಟ್ಟಿ ಹೋಗೋರು. ಇಷ್ಟೆಲ್ಲ ಭಯಭಕ್ತಿ ಇದ್ರೂ, ಹೊಸ ಪ್ರೋಗ್ರಾಮು ಬಂದ್ರೆ ಅದನ್ನ ಎಲ್ಲಿ ಹಾಕಿ ನೋಡೋದು? ಅದೇ ಮೆಷಿನ್ ಮೇಲೆ. ಬೇರೆ ಇದ್ದರೆ ತಾನೆ! ಒಂದು ಸಲ ಹಾಜರಿಯ ಪ್ರೋಗ್ರಾಮಿಗೆ ತೇಪೆ ಹಾಕೋಕೆ ಹೋಗಿ, ಬೆಳಗಾಗೋದ್ರೊಳಗೆ ಇಡೀ ಬಿ ಶಿಫ್ಟಿನವರು ರಜೆಯಲ್ಲಿದ್ದಾರೆ ಅಂತ ಬಂದುಬಿಡ್ತು. ಬೆವರು ಸುರಿಸಿ ಕೆಲಸ ಮಾಡಿ ಬಂದವರು ಕಿಟಕಿ ಹತ್ತಿರ ನಿಂತು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಮ್ಮನ್ನ ಹರಸಿದ್ರು. ಹೆಡ್ಡು ಒಳಗೆ ಕೂತು, "ಕಿಟಕಿ ಮುಚ್ಚಮ್ಮ, ಧೂಳು ಬರುತ್ತೆ" ಅಂದ್ರು.

ಕಾರ್ಖಾನೆ ಸೊರಗಿತು, ನಮ್ಮ ಸೆಕ್ಷನ್ನೂ ಮುಚ್ಚಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಶಿವಮೊಗ್ಗಕ್ಕೆ, ಸವಳಂಗ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಧರ್ಮಾಸ್ಪತ್ರೆಗೆ ಸೇರಿದೆ. ಅಲ್ಲಿ ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಮಾಡ್ತಿದ್ರು. ರಕ್ತವನ್ನ ಮೆಷಿನ್ನಿಗೆ ತಗೊಂಡು, ತೊಳೆದು, ವಾಪಸ್ ಮೈಗೆ ಬಿಡೋದು. ವಾರಕ್ಕೆ ಎರಡು ಮೂರು ಸಲ, ಬದುಕಿರೋವರೆಗೂ. ಶಿವಮೊಗ್ಗದಲ್ಲಿ ಕೆಲವು ಮೆಷಿನ್ನು, ಭದ್ರಾವತಿಯ ಶಾಖೆಯಲ್ಲಿ ಇನ್ನು ಕೆಲವು. ಬೇಕಾದವರು ಮಾತ್ರ ಯಾವಾಗಲೂ ಅದಕ್ಕಿಂತ ಜಾಸ್ತಿ.

ಅಲ್ಲಿನ ದೊಡ್ಡ ಡಾಕ್ಟ್ರು ರುದ್ರಪ್ಪ ಅಂತ. ಕೋಪಿಷ್ಠರು, ನೇರ ಮನುಷ್ಯ, ಮೇಲಾಗಿ ಕಂಪ್ಯೂಟರ್ ಹುಚ್ಚು. ಹುಚ್ಚು ಅಂದ್ರೆ ಎಂಥದು ಅಂತೀರಿ! ಪತ್ರಿಕೆ ಜೊತೆ ಪುಕ್ಕಟೆ ಬರೋ ಸಿಡಿಗಾಗಿ ಪತ್ರಿಕೆ ಕೊಳ್ಳೋರು. "ನಮ್ಮ ರೋಗಿಗಳ ವಿಷಯ ನಮ್ಮ ಬೀರುವಿನಲ್ಲೇ ಇರಬೇಕು ವಿಶಾಲಾಕ್ಷಿ. ಇನ್ಯಾರದೋ ಊರಿನ ಮೆಷಿನ್ನಲ್ಲಿ ಅಲ್ಲ" ಅನ್ನೋದು ಅವರ ಹಟ. ಹಾಗಾಗಿ ಹೊರಗಿನ ಕಂಪನಿಯ ಹಂಗಿಲ್ಲದೆ, ಯಾವ ದೇಶದವರೋ ಬರೆದು ಪುಕ್ಕಟೆ ಹಂಚಿದ ಆಸ್ಪತ್ರೆ ಸಾಫ್ಟ್‌ವೇರನ್ನ ತಂದು, ಕನ್ನಡ ಮಾಡಿ, ನಮ್ಮ ಪಾಳಿಯ ಪದ್ಧತಿ ಅದಕ್ಕೆ ಸೇರಿಸಿ, ನಮ್ಮದೇ ಸರ್ವರಿನಲ್ಲಿ ಓಡಿಸೋಕೆ ಹೊರಟ್ವಿ. ಯಾರು ಯಾವ ದಿನ, ಯಾವ ಊರಿನ ಮೆಷಿನ್ನಿಗೆ ಬರಬೇಕು ಅನ್ನೋದನ್ನ ಅದು ಹೇಳಬೇಕು. ಹಿಂದಿನ ದಿನ ಅವರ ಮೊಬೈಲಿಗೆ ಮೆಸೇಜು ಕಳಿಸಬೇಕು.

ಇದರ ಹಿಂದೆ ಒಂದು ಕಾರಣ ಇತ್ತು. ಯಾರೋ ದೊಡ್ಡ ಮನುಷ್ಯರು ಒಂದು ಫೋನ್ ಮಾಡಿ, ಕಾಯ್ತಿದ್ದವರನ್ನೆಲ್ಲ ದಾಟಿಸಿ ತಮ್ಮ ಕಡೆಯವರನ್ನ ಮೆಷಿನ್ನಿಗೆ ಹಾಕಿಸಿದ್ರು. ಡಾಕ್ಟ್ರು ಅವತ್ತು ಊಟ ಮಾಡಲಿಲ್ಲ. ಮಾರನೇ ದಿನದಿಂದಲೇ ಕಟ್ಟುನಿಟ್ಟು: "ಸ್ಕ್ರೀನ್ ಹೇಳಿದವರು ಮಾತ್ರ ಮಲಗಬೇಕು. ನಾನು ಹೇಳಿದ್ರೂ ಕೇಳಬೇಡಿ." ಒಳ್ಳೆಯ ನಿಯಮ. ಆದ್ರೆ ಆಮೇಲೆ ಸ್ಕ್ರೀನ್ ತಪ್ಪು ಹೇಳಿದ್ರೆ ಯಾರನ್ನ ಕೇಳೋದು?

ಅದಕ್ಕೇ ನಾನು ಮೊದಲೇ ಪಟ್ಟು ಹಿಡಿದಿದ್ದೆ, ಒಡೆದು ನೋಡೋಕೆ ನಂಗೆ ಬೇರೆ ಜಾಗ ಬೇಕು ಅಂತ. ಬಿ ಶಿಫ್ಟಿನವರ ಆಶೀರ್ವಾದ ಮರೆತಿರಲಿಲ್ಲ ನೋಡಿ. ಇನ್ನೊಂದು ಸರ್ವರ್ ಕೊಳ್ಳೋ ಮಾತೇ ಇಲ್ಲ. ಆಗ ಡಾಕ್ಟ್ರೇ ಎಲ್ಲೋ ಓದ್ಕೊಂಡು ಬಂದು ಕಂಟೇನರ್ ವಿಷಯ ಹೇಳಿದ್ರು. ಆಗಿನ್ನೂ ಅದು ಹೊಸದು, ಕೇಳೋಣ ಅಂದ್ರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡು ಕಲಿತೆ. ಕಲಿತ ಮೇಲೆ, ಅಯ್ಯೋ ಇದು ನಾವು ಹುಟ್ಟಿ ಬೆಳೆದ ವಠಾರವೇ ಅಲ್ವಾ ಅನ್ನಿಸ್ತು. ಒಂದೇ ಕಾಂಪೌಂಡು, ಒಳಗೆ ಸಾಲು ಮನೆ. ಪ್ರತಿ ಮನೆಗೂ ಅದರದೇ ಒಲೆ, ಅದರದೇ ಬೀಗ, ಅದರದೇ ದೇವರ ಗೂಡು. ಬಾವಿ ಮಾತ್ರ ಎಲ್ಲರಿಗೂ ಒಂದೇ. ಹಾಗೇ ಒಂದೇ ಸರ್ವರಿನೊಳಗೆ, ಪೂರ್ತಿ ಕಂಪ್ಯೂಟರಿನ ಹಾಗೇ ನಡೆದುಕೊಳ್ಳೋ ಪುಟ್ಟ ಪುಟ್ಟ ಮನೆಗಳು. ಒಂದು ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ರೆ ಪಕ್ಕದ ಮನೆಯ ಅಡುಗೆ ನಿಲ್ಲಲ್ಲ. ಅದಕ್ಕಿಂತ ಚೆಂದ ಅಂದ್ರೆ, ಇಡೀ ಮನೆಯನ್ನ ಪಾತ್ರೆ ಪಡಗದ ಸಮೇತ ನಕಲು ಮಾಡಿ ಇಟ್ಟುಕೊಳ್ಳಬಹುದು. ಒಡೆದು ಹಾಳು ಮಾಡಿದ್ರೆ ಒಂದು ಗುಟುಕು ಕಾಫಿ ಕುಡಿಯೋದ್ರೊಳಗೆ ಮೊದಲಿದ್ದ ಹಾಗೆ.

ಒಂದು ಮನೆಯಲ್ಲಿ ನಿಜವಾದ ಆಸ್ಪತ್ರೆ, ಇನ್ನೊಂದರಲ್ಲಿ ಅಭ್ಯಾಸಕ್ಕೆ ಅದರ ನಕಲು. ಅಭ್ಯಾಸದ ಮನೆಗೆ ಹೆಸರಿಟ್ಟವಳು ಸೆಲ್ವಿ, ಭದ್ರಾವತಿ ಶಾಖೆಯ ನರ್ಸು. ಅಪ್ಪ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಇವಳು ಹುಟ್ಟಿದ್ದು ಕ್ವಾರ್ಟರ್ಸಿನಲ್ಲಿ. ಮುದುಡಿದ ನರಕ್ಕೂ ಒಂದೇ ಸಲಕ್ಕೆ ಸೂಜಿ ಹಾಕೋ ಕೈ, ಮೌಸ್ ಹಿಡಿದ್ರೆ ಗಡಗಡ ನಡುಗೋದು. "ಅಕ್ಕಾ, ಏನಾದ್ರೂ ಒತ್ತಿ ಆಸ್ಪತ್ರೆ ನಿಂತು ಹೋದ್ರೆ?" ಅನ್ನೋಳು. ನಾನು ಈ ನಕಲು ಮನೆ ತೋರಿಸಿ, "ಇಲ್ಲಿ ಏನು ಬೇಕಾದ್ರೂ ಒಡಿ, ಯಾರೂ ಕೇಳಲ್ಲ" ಅಂದೆ. ಅವಳ ಮುಖ ಅರಳಿತು. "ಅಂಗಾದ್ರೆ ಇದು ತವರುಮನೆ ಅನ್ನಕ್ಕಾ!" ಅಂದಳು. ಅವತ್ತಿಂದ ಅದು ತವರುಮನೆ, ನಿಜವಾದದ್ದು ಗಂಡನ ಮನೆ. ಡಾಕ್ಟ್ರು ಕೂಡ ಮೀಟಿಂಗಿನಲ್ಲಿ ಗಂಭೀರವಾಗಿ, "ಇದನ್ನ ತವರುಮನೆಯಲ್ಲಿ ಪರೀಕ್ಷಿಸಿ ಆಗಿದೆಯಾ?" ಅಂತ ಕೇಳೋರು. ಹೊಸಬರು ಬಾಯಿ ಬಿಟ್ಕೊಂಡು ನೋಡೋರು.

ತವರುಮನೆಯಲ್ಲಿ ನಿಜವಾದ ರೋಗಿಗಳು ಇರಬಾರದು ಅಂತ ನಾನು ಸುಮ್ಮನೆ ಹೂವಿನ ಹೆಸರು ಹಾಕಿದ್ದೆ. ಮಲ್ಲಿಗಮ್ಮ, ಸೇವಂತಮ್ಮ, ಕನಕಾಂಬರಪ್ಪ. ಸೆಲ್ವಿಗೆ ಇವರ ಮೇಲೆ ಎಂಥಾ ಪ್ರೀತಿ ಬಂತು ಅಂದ್ರೆ, ಫೋನ್ ಮಾಡಿ, "ಅಕ್ಕಾ, ಸೇವಂತಮ್ಮಂಗೆ ಇವತ್ತು ತೂಕ ಜಾಸ್ತಿ ತೋರಿಸ್ತಿದೆ, ಉಪ್ಪು ತಿಂದು ನೀರು ಕುಡಿದಿರಬೇಕು" ಅನ್ನೋಳು. "ಬಯ್ಯಮ್ಮ ಅವಳಿಗೆ" ಅಂತಿದ್ದೆ ನಾನು.

ವಠಾರದ ಒಂದು ತೊಂದರೆಯನ್ನೂ ಹೇಳಿಬಿಡ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು. ಮನೆ ಎಷ್ಟಿದ್ರೂ ಗಡಿಯಾರ ಒಂದೇ. ತವರುಮನೆಯಲ್ಲಿ ‘ನಾಳೆ’ಯ ಮೆಸೇಜು ಸರಿಯಾಗಿ ತಯಾರಾಗುತ್ತಾ ನೋಡಬೇಕು ಅಂತ ರುದ್ರಪ್ಪ ಡಾಕ್ಟ್ರಿಗೆ ಆತುರ. ಒಳಗಿಂದ ದಿನಾಂಕ ಬದಲಾಯಿಸೋಕೆ ಹೋದ್ರೆ ಬಿಡಲಿಲ್ಲ. ಸುಮ್ಮನಿರಬೇಕೋ ಬೇಡವೋ? ನಾನು ಊಟಕ್ಕೆ ಹೋದಾಗ ಸರ್ವರಿನ ಗಡಿಯಾರವನ್ನೇ ಒಂದು ದಿನ ಮುಂದಕ್ಕೆ ತಿರುಗಿಸಿದ್ರು. ಗಂಡನ ಮನೆಗೂ ನಾಳೆಯಾಯ್ತು! ಮೆಸೇಜು ಕಳಿಸೋ ಮೋಡೆಮ್ ಇದ್ದದ್ದು ಆ ಮನೆಗೆ ಮಾತ್ರ. ನಾಡಿದ್ದು ಬರಬೇಕಾದವರು ಮಾರನೇ ದಿನ ಬೆಳಿಗ್ಗೆಯೇ ಬ್ಯಾಗು ಹಿಡ್ಕೊಂಡು ಬಂದು ನಿಂತ್ರು. ಡಾಕ್ಟ್ರು ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮುಗಿದು, ಎಲ್ಲರಿಗೂ ತಿಂಡಿ ತರಿಸಿದ್ರು. ಆಮೇಲೆ ಬೆಡ್‌ಶೀಟ್ ರೂಮಿಗೆ ಬಂದು, "ಪಾಸ್‌ವರ್ಡ್ ಬದಲಾಯಿಸು. ನಂಗೆ ಹೇಳಬೇಡ" ಅಂದ್ರು. ಹೇಳಲಿಲ್ಲ ನಾನು.

ಬೆಡ್‌ಶೀಟ್ ರೂಮಿನ ಹೊರಗೆ ಒಂದು ಬೆಂಚಿತ್ತು. ಖಾಯಂ ಪಾಳಿ ಸಿಗದವರು ಅಲ್ಲಿ ಕಾಯೋರು. ಅವತ್ತು ಯಾರಾದ್ರೂ ಬರದೇ ಇದ್ರೆ ಅವರ ಜಾಗ ಇವರಿಗೆ. ಗಿರಿಜಾ ಅಂತ ಒಬ್ಬಳು ಗಾಜನೂರು ಕಡೆಯಿಂದ ಬರ್ತಿದ್ದಳು. ಚಿಕ್ಕ ವಯಸ್ಸು, ಅಂಗನವಾಡಿಗೆ ಹೋಗೋ ಮಗಳು. ಮನೆಯಲ್ಲಿ ಹೊಲಿಗೆ ಕೆಲಸ. ಬೆಂಚಿನ ಮೇಲೆ ಕೂತು ಬ್ಲೌಸಿಗೆ ಹುಕ್ಕು ಹಾಕ್ತಾ ಕಾಯೋಳು. ದೋಬಿ ಬಂದು ನಾನು ಹೊರಗೆ ಬಂದಾಗೆಲ್ಲ ಅವಳ ಪಕ್ಕ ಕೂರ್ತಿದ್ದೆ. ನನ್ನ ಬ್ಲೌಸಿನ ತೋಳು ನೋಡಿ, "ಯಾರ್ ಮೇಡಂ ಇದನ್ನ ಹೊಲಿದಿದ್ದು, ನಿಮ್ಮ ಮೇಲೆ ದ್ವೇಷ ಇತ್ತಾ ಅವರಿಗೆ?" ಅಂತ ಕೇಳಿದವಳು ಅವಳು. ಜಾಗ ಸಿಗದ ದಿನ ಮುಖ ಊದಿಕೊಂಡು, ಕಾಲಿನ ಚಪ್ಪಲಿ ಬಿಗಿಯಾಗಿ, ಉಸಿರು ಎಳ್ಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗೋಳು. ಹೀಗೇ ಆದ್ರೆ ಹೆಚ್ಚು ದಿನ ಇರಲ್ಲ ಅನ್ನೋದು ಡಾಕ್ಟ್ರಿಗೆ ಗೊತ್ತಿತ್ತು, ನಂಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾಯೋರಲ್ಲಿ ಮೊದಲ ಹೆಸರು ಅವಳದೇ. ಎರಡೂ ಊರಲ್ಲಿ ಎಲ್ಲಿ ಖಾಲಿಯಾದ್ರೂ ಸರಿ, ಸ್ಕ್ರೀನ್ ಅವಳನ್ನ ಕರೀಬೇಕಿತ್ತು. ನಾನು ದಿನಾ ಬೆಳಿಗ್ಗೆ ಬಂದು ದೀಪ ಹಚ್ಚೋ ಮುಂಚೆ ಅದನ್ನೇ ನೋಡ್ತಿದ್ದೆ. ಎರಡೂ ಊರು ಭರ್ತಿ ಅಂತಲೇ ತೋರಿಸೋದು. ಖಾಲಿಯಾಗಲಿ ಅಂತ ಬೇಡ್ಕೊಳ್ಳೋಕೂ ಆಗಲ್ಲ, ಖಾಲಿಯಾಗೋದು ಅಂದ್ರೆ ಏನು ಅಂತ ಗೊತ್ತಲ್ಲ.

ಅಷ್ಟು ಹೊತ್ತಿಗೆ ಭದ್ರಾವತಿಯಲ್ಲಿ ಶಂಕರಪ್ಪ ತೀರಿಕೊಂಡಿದ್ರು. ಕಾರ್ಖಾನೆಯ ಫರ್ನೇಸಿನಲ್ಲಿ ದುಡಿದು ನಿವೃತ್ತರಾದವರು. ತಮ್ಮ ಡಯಾಲಿಸಿಸ್ಸಿಗೆ "ಬೆಳಗಿನ ಶಿಫ್ಟು" ಅನ್ನೋರು. ಸೆಲ್ವಿಯನ್ನ "ಏನಮ್ಮ ಸೂಪರ್‌ವೈಜರ್ರು" ಅಂತ ಕೂಗೋರು. ಹೊಸ ಸಾಫ್ಟ್‌ವೇರು ಗಂಡನ ಮನೆ ಸೇರಿದ ಮೇಲೆ ಆದ ಮೊದಲ ಸಾವು ಅದು. ಸೆಲ್ವಿ ಕಣ್ಣೊರೆಸ್ಕೊಂಡು ಅವರ ಹೆಸರಿನ ಪುಟ ತೆರೆದು, ‘ಮರಣ’ ಅನ್ನೋ ಬಟನ್ ಒತ್ತಿದ್ದಳು. ಸುದ್ದಿ ನಂಗೂ ತಿಳಿದಿತ್ತು. ಸ್ಕ್ರೀನ್ ಆಮೇಲೂ ಭರ್ತಿ ಅಂತಲೇ ತೋರಿಸ್ತಿದ್ದದ್ದು ನೋಡಿ, ಅಲ್ಲಿನ ಯಾರದೋ ತುರ್ತಿಗೆ ಆ ಜಾಗ ಕೊಟ್ಟಿರಬೇಕು, ಗಿರಿಜಂಗೆ ಈ ಸಲವೂ ಬರಲಿಲ್ಲವಲ್ಲ ಅಂದ್ಕೊಂಡಿದ್ದೆ.

ವಾರಕ್ಕೊಮ್ಮೆ ಡಾಕ್ಟ್ರು ಭದ್ರಾವತಿಗೆ ಹೋಗುವಾಗ ನಾನೂ ಅವರ ಕಾರಿನಲ್ಲೇ ಹೋಗ್ತಿದ್ದೆ. ಹಾಗೆ ಹೋದ ಒಂದು ಬೆಳಿಗ್ಗೆ ಶಂಕರಪ್ಪನವರ ಹೆಂಡತಿ ಗೌರಮ್ಮ ಬಂದ್ರು. ಬಂದವರೇ ಸೆರಗಿನ ಗಂಟಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ್ರು.

"ಇದನ್ನ ಓದಿ ಮೇಡಂ."

ಇಂಗ್ಲಿಷ್ ಅಕ್ಷರದ ಕನ್ನಡ. ‘ನಾಳೆ ಬೆಳಿಗ್ಗೆ ನಿಮ್ಮ ಪಾಳಿ. ತಪ್ಪದೆ ಬನ್ನಿ.’ ಕಳಿಸಿದ್ದು ನಮ್ಮ ಸರ್ವರ್.

"ಅವರು ಹೋದ ಮೇಲೆ ಮಾಡಿದ ಶಿವಗಣಾರಾಧನೆ ದಿನವೇ ಇದು ಬಂತು. ನೆಂಟರೆಲ್ಲ ಊಟಕ್ಕೆ ಕೂತಿದ್ರು. ಯಾರೋ ತಿಳೀದೆ ಕಳಿಸಿದ್ದಾರೆ ಅಂತ ಸುಮ್ಮನಾದೆ. ಆಮೇಲೂ ಬಂತು. ನಿನ್ನೆನೂ ಬಂತು. ನಾನೇ ಇನ್ನು ಕರೆಯೋಕಾಗದೇ ಇರೋರನ್ನ ನೀವು ಹಿಂಗೆ ಕರೀತಾನೇ ಇದ್ರೆ..." ಅಂದವರು ಮಾತು ನಿಲ್ಲಿಸಿ ಒಳಗೆ ನೋಡಿದ್ರು. ಕಿಟಕಿ ಪಕ್ಕದ ಮಂಚ. ಶೀಟು ನೆರಿಗೆ ಇಲ್ಲದ ಹಾಗೆ ಹಾಸಿದೆ, ಮೆಷಿನ್ ಸುಮ್ಮನೆ ನಿಂತಿದೆ.

"ಅವರ ಜಾಗ ಖಾಲಿ ಇದೆಯಲ್ಲ ಮೇಡಂ. ಯಾಕೆ, ಇನ್ಯಾರಿಗೂ ಬೇಡ್ವಾ?"

ಬೇಡ್ವಾ! ಅದೇ ಹೊತ್ತಲ್ಲಿ ಶಿವಮೊಗ್ಗದ ಬೆಂಚಿನ ಮೇಲೆ ಒಬ್ಬಳು ಊದಿದ ಬೆರಳಲ್ಲಿ ಹುಕ್ಕು ಹೊಲೀತಾ ಕೂತಿದ್ದಳು. ಸೆಲ್ವಿಯನ್ನ ಕೇಳಿದ್ರೆ, "ಶಿವಮೊಗ್ಗದವರು ಯಾರನ್ನಾದ್ರೂ ಕಳಿಸ್ತಾರೆ ಅಂತ ಶೀಟು ಬದಲಾಯಿಸಿ ಕಾಯ್ತಾನೇ ಇದ್ದೀವಿ ಅಕ್ಕಾ" ಅಂದಳು. ಶಿವಮೊಗ್ಗದವರು ಭದ್ರಾವತಿ ಭರ್ತಿ ಅಂತ ನಂಬಿ ಕೂತಿದ್ವಿ. ಸ್ಕ್ರೀನ್ ಹೇಳದೆ ಯಾರೂ ಯಾರನ್ನೂ ಮಲಗಿಸೋ ಹಾಗಿಲ್ಲ. ಎರಡು ವಾರದ ಹತ್ತಿರ ಆ ಮೆಷಿನ್ ಹೀಗೇ ನಿಂತಿತ್ತು.

"ಬಟನ್ ಒತ್ತಿದಾಗ ಏನಾಯ್ತು?" ಅಂದೆ.

"ಸ್ಕ್ರೀನೆಲ್ಲ ಬೆಳ್ಳಗೆ ಆಯ್ತು. ಆಮೇಲೆ ಅವರ ಪುಟ ತೆರೆಯೋಕೇ ಬರಲಿಲ್ಲ, ಗೈರುಹಾಜರಿ ಅಂತ ಹಾಕೋಕೂ ಆಗಲಿಲ್ಲ. ತೀರ್ಕೊಂಡವರಿಗೆ ಹಾಗೇ ಇರುತ್ತೇನೋ, ಮರ್ಯಾದೆಗೆ ಬೆಳ್ಳಗೆ ಆಗುತ್ತೇನೋ ಅಂದ್ಕೊಂಡೆ."

"ತವರುಮನೆಯಲ್ಲಿ ಒತ್ತಿದಾಗ್ಲೂ ಬೆಳ್ಳಗೆ ಆಗಿತ್ತಾ?"

ಸೆಲ್ವಿ ಮಂಚದ ಶೀಟು ಸರಿ ಮಾಡೋಕೆ ಹೊರಟಳು. ನಾನು ಬಿಡೋಳಲ್ಲ. ಕೊನೆಗೆ ಬಾಯಿ ಬಿಟ್ಟಳು. ಸೇರಿಸೋದು, ಪಾಳಿ ಬದಲಾಯಿಸೋದು, ಊರು ಬದಲಾಯಿಸೋದು, ಎಲ್ಲಾ ಬಟನ್ನೂ ನೂರು ಸಲ ಒತ್ತಿ ನೋಡಿದಾರೆ. ಆ ಒಂದನ್ನ ಮಾತ್ರ ಯಾರೂ ಮುಟ್ಟಿಲ್ಲ. ಎರಡೂ ಊರಲ್ಲಿ ಒಬ್ಬರೂ ಇಲ್ಲ. ನಾನು "ಎಲ್ಲಾ ಒತ್ತಿ ನೋಡಿದ್ರಾ?" ಅಂತ ಕೇಳಿದಾಗ ಎಲ್ಲರೂ ಒಂದೇ ಬಾಯಲ್ಲಿ "ಒತ್ತಿದ್ವಿ ಮೇಡಂ" ಅಂದಿದ್ರಲ್ಲ!

"ಅಸ್ತು ದೇವತೆಗಳು ಓಡಾಡ್ತಿರ್ತಾರಕ್ಕಾ" ಅಂತ ಅಳೋಕೇ ಶುರು ಮಾಡಿದಳು. "ನಾವು ಸುಮ್ಮನೆ ಒತ್ತೋದು, ಅವರು ಅಸ್ತು ಅಂದುಬಿಡೋದು. ಸೇವಂತಮ್ಮ ಅನ್ನೋ ಹೆಸರಿನವಳು ಯಾವ ಊರಲ್ಲಿ ಯಾರ ತಾಯಿಯೋ. ಪಾಪ ಬರಲ್ವಾ?"

"ನಿನ್ನ ತಲೆ! ಹೂವಿನ ಹೆಸರಿಗೂ ಪಾಪ ಬರುತ್ತಾ?" ಅಂತ ಗದರಿದೆ. ಗದರಿದೆ ನಿಜ, ಆದ್ರೆ ಒಳಗೊಳಗೇ ನಂಗೆ ಗೊತ್ತಿತ್ತು, ಇವರು ಕೆಲಸಗಳ್ಳರಲ್ಲ. ದಿನಾ ಸಾವಿನ ಪಕ್ಕದಲ್ಲೇ ಕೆಲಸ ಮಾಡೋರು ಅದರ ಹೆಸರನ್ನ ಆಟಕ್ಕೂ ಹೇಳಲ್ಲ. ಹೆರಿಗೆ ವಾರ್ಡಿನವರು, ಸ್ಮಶಾನದ ಪಕ್ಕದವರು, ಎಲ್ಲರೂ ಅಷ್ಟೇ. ಇಂಥದ್ದನ್ನ ಯಾವ ಪುಸ್ತಕದಲ್ಲೂ ಬರೆದಿರಲ್ಲ.

ಈಗ ದಾರಿ ಒಂದೇ. ತವರುಮನೆಗೆ ಹೋಗಿ, ಅದೇ ಬಟನ್ನನ್ನ ನರ್ಸಿನ ಲಾಗಿನ್ನಿನಿಂದಲೇ ಒತ್ತಿ, ಎಲ್ಲಿ ಕೆಡುತ್ತೆ ಅಂತ ನಾನು ಒಳಗಿಂದ ನೋಡಬೇಕು. ಗಂಡನ ಮನೆಯಲ್ಲಿ ಶಂಕರಪ್ಪನವರ ಹೆಸರನ್ನ ಸುಮ್ಮನೆ ಎಳೆದಾಡೋಕೆ ಹೋದ್ರೆ ಉಳಿದವರ ಪಾಳಿಯೂ ಕೆಟ್ಟೀತು. ಸೇವಂತಮ್ಮನ ಹೆಸರಿನ ಪುಟ ತೆರೆದೆ. "ಒತ್ತು" ಅಂದೆ. ಸೆಲ್ವಿ ಕೈ ಹಿಂದಕ್ಕೆ ಕಟ್ಕೊಂಡಳು. ಹಾಗಾದ್ರೆ ನಾನೇ ಒತ್ತೋಣ ಅಂತ ಹೋದೆ ನೋಡಿ, ಸುಳ್ಳು ಯಾಕೆ ಹೇಳಲಿ, ನನ್ನ ಬೆರಳೂ ನಿಂತಿತು. ಕೊನೆಗೆ ನನ್ನ ಹೆಸರನ್ನೇ ರೋಗಿ ಅಂತ ಸೇರಿಸಿ, "ವಿಶಾಲಾಕ್ಷಿ, ಮರಣ. ಒತ್ತೇ" ಅಂದೆ. "ಬಿಡ್ತು ಅನ್ನಕ್ಕಾ, ಬಿಡ್ತು ಅನ್ನು!" ಅಂತ ಕಿರುಚಿ ಬಾಗಿಲ ತನಕ ಓಡಿದಳು.

ಗಲಾಟೆ ಕೇಳಿ ರುದ್ರಪ್ಪ ಡಾಕ್ಟ್ರು ಬಂದ್ರು. ವಿಷಯ ಕೇಳಿ ಬಯ್ತಾರೆ ಅಂದ್ಕೊಂಡೆ. ಅವರು ಸ್ಟೂಲ್ ಎಳ್ಕೊಂಡು ಕೂತು, "ನಿಮ್ಮಲ್ಲಿ ಯಾರಿಗಾದ್ರೂ ಕಾಗೆ ಕುಕ್ಕಿದೆಯಾ?" ಅಂದ್ರು.

"ಚಿಕ್ಕವನಿದ್ದಾಗ ನನ್ನ ತಲೆಗೆ ಕಾಗೆ ಬಡಿದಿತ್ತು. ನಮ್ಮವ್ವ ಏನು ಮಾಡಿದ್ಲು ಗೊತ್ತಾ? ಸೋಗಾನೇಲಿದ್ದ ನಮ್ಮತ್ತೆಗೆ, ರುದ್ರ ಹೋಗಿಬಿಟ್ಟ ಅಂತ ಹೇಳಿ ಕಳಿಸಿದ್ಲು. ಅತ್ತೆ ಎದೆ ಬಡ್ಕೊಂಡು ಅತ್ಕೊಂಡು ಬಂದ್ರು. ನಾನು ಜಗಲಿ ಮೇಲೆ ಕೂತು ಮಂಡಕ್ಕಿ ತಿಂತಿದ್ದೆ. ಅತ್ತರೆ ಕಂಟಕ ಕಳೀತು, ಆಯಸ್ಸು ಬಂತು ಅಂತ ಲೆಕ್ಕ. ಅತ್ತೆ ನನ್ನ ಬೆನ್ನಿಗೆ ಎರಡು ಕೊಟ್ಟು, ಆಮೇಲೆ ಮುದ್ದು ಮಾಡಿದ್ರು." ಹೌದಲ್ಲ, ಕಾಗೆ ಮುಟ್ಟಿದ್ರೆ ಸುಳ್ಳು ಸಾವಿನ ಸುದ್ದಿ ಕಳಿಸೋದು ನಮ್ಮ ಮನೆಗಳಲ್ಲೂ ಇದ್ದದ್ದೇ. "ನನ್ನ ಹೆಸರು ಹಾಕು ವಿಶಾಲಾಕ್ಷಿ. ಸೆಲ್ವಿ, ಬಾ ಇಲ್ಲಿ. ನಂಗೆ ಈ ವಯಸ್ಸಿನಲ್ಲಿ ಸ್ವಲ್ಪ ಆಯಸ್ಸು ಬೇಕಾಗಿದೆ, ಒತ್ತಮ್ಮ."

ಸೆಲ್ವಿ ಬಂದಳು. ಮೌಸ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಶಿಲುಬೆ ಗುರುತನ್ನೂ ಮಾಡಿ, ಅಮ್ಮನವರನ್ನೂ ನೆನೆದು, ಒತ್ತಿದಳು. ಸ್ಕ್ರೀನ್ ಬೆಳ್ಳಗಾಯ್ತು.

"ಹೋದ್ರು ಡಾಕ್ಟ್ರು" ಅಂದೆ ನಾನು. ಸೆಲ್ವಿ ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು.

ಒಳಗೆ ನೋಡಿದ್ರೆ ತಪ್ಪು ಇಷ್ಟೇ ಇಷ್ಟು. ಯಾರಾದ್ರೂ ತೀರಿಕೊಂಡ್ರೆ ಮೂಲ ಸಾಫ್ಟ್‌ವೇರು ಅವರ ವಿವರಕ್ಕೆ ಮೊದಲು ಬೀಗ ಹಾಕ್ತಿತ್ತು. ನಾವು ಸೇರಿಸಿದ ಪಾಳಿಯ ಭಾಗ ಆಮೇಲೆ ಬಂದು ಅವರ ಜಾಗ ಬಿಡಿಸೋಕೆ ಹೋಗ್ತಿತ್ತು. ಬೀಗ ಹಾಕಿದ ಮನೆಯೊಳಗಿಂದ ಪಾತ್ರೆ ತರೋದು ಹೇಗೆ? ಅಲ್ಲೇ ಬಿದ್ದು ಹೋಗ್ತಿತ್ತು. ಜಾಗವೂ ಬಿಡ್ತಿರಲಿಲ್ಲ, ಮೆಸೇಜೂ ನಿಲ್ತಿರಲಿಲ್ಲ. ಎರಡು ಕೆಲಸದ ಹಿಂದು ಮುಂದು ಬದಲಾಯಿಸಿದೆ. ಬೇರೆ ಬೇರೆ ಕಡೆಯವರು ಕೈಯಿಂದ ಕೈಗೆ ದಾಟಿಸಿಕೊಂಡು ಬರೆದದ್ದರಲ್ಲಿ ಇಂಥದ್ದು ಇದ್ದೇ ಇರುತ್ತೆ. ಒತ್ತಿ ನೋಡೋದು ಅದಕ್ಕೇ.

ಸರಿಯಾಯ್ತಾ ಅಂತ ನೋಡೋಕೆ ಇನ್ನಷ್ಟು ಜನ ಸಾಯಬೇಕಿತ್ತು. ಕಾಯೋರು ಬೇರೆ ಊರಲ್ಲಿದ್ರೆ ಏನಾಗುತ್ತೆ, ಕಾಯೋರೇ ಇಲ್ಲದಿದ್ರೆ ಏನಾಗುತ್ತೆ, ಒಂದೇ ದಿನ ಇಬ್ಬರು ಹೋದ್ರೆ ಏನಾಗುತ್ತೆ. ಪ್ರತಿ ಸಲವೂ ತವರುಮನೆಯನ್ನ ಮೊದಲಿನ ಹಾಗೆ ಮಾಡಿ ಮತ್ತೆ ಶುರು. ಈಗ ನೋಡಬೇಕಿತ್ತು ಇವರ ಆಸೆ! ಆಯಸ್ಸು ಹಂಚ್ತಿದ್ದಾರೆ ಅಂತ ಸುದ್ದಿ ಹಬ್ಬಿ ವಾಚ್‌ಮನ್ ಬಂದ, ಫಾರ್ಮಸಿಯವರು ಬಂದ್ರು. ನಾನು ಎರಡು ಸಲ ಸತ್ತೆ. ಸೆಲ್ವಿ ತನ್ನ ಹೆಸರಿಗೆ ತಾನೇ ಒತ್ತಿಕೊಂಡಳು. 

ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಸರಿಹೋಯ್ತು. ಸರಿಪಡಿಸಿದ್ದನ್ನ ಗಂಡನ ಮನೆಗೆ ಹಾಕಿದೆ. ಶಂಕರಪ್ಪನವರ ಬೀಗ ತೆಗೆದೆ. ಇನ್ನು ನಿಜವಾದ ಬಟನ್. ಗೌರಮ್ಮ ಬೆಳಗಿನಿಂದ ಅಲ್ಲೇ ಕೂತಿದ್ರು. "ಮನೆಗೆ ಹೋಗಿ ಅಮ್ಮ, ಇನ್ಮೇಲೆ ಮೆಸೇಜು ಬರಲ್ಲ" ಅಂದ್ರೂ ಎದ್ದಿರಲಿಲ್ಲ. ಸೆಲ್ವಿ ಅವರ ಕಡೆ ನೋಡಿದಳು. ಅವರು ತಲೆ ಆಡಿಸಿದ್ರು. ಸೆಲ್ವಿ ಒತ್ತಿದಳು. ಸ್ಕ್ರೀನ್ ಬೆಳ್ಳಗಾಗಲಿಲ್ಲ. ಭದ್ರಾವತಿ, ಬೆಳಗಿನ ಪಾಳಿ, ಕಿಟಕಿ ಪಕ್ಕದ ಮೆಷಿನ್, ಗಿರಿಜಾ ಅಂತ ಬಂತು. ನಾನು ಹಲ್ಲು ಕಚ್ಚಿ ತಡ್ಕೊಂಡಿದ್ದೆ, ಆ ಹೆಸರು ನೋಡಿದ ಮೇಲೆ ಆಗಲಿಲ್ಲ. ಎಲ್ಲರೆದುರಿಗೇ ಅತ್ತುಬಿಟ್ಟೆ.

"ಯಾರು ಮೇಡಂ ಅದು?" ಅಂತ ಗೌರಮ್ಮ ಕೇಳಿದ್ರು. ಹೇಳಿದೆ. ಎಲ್ಲವನ್ನೂ ಕೇಳಿಸ್ಕೊಂಡು, ಯಾವತ್ತು ಬರ್ತಾಳೆ ಅಂತ ಮಾತ್ರ ವಿಚಾರಿಸಿ ಎದ್ದು ಹೋದ್ರು.

ಗಿರಿಜಾ ಬರೋ ದಿನ ನಂಗೆ ಭದ್ರಾವತಿಯಲ್ಲಿ ಏನೂ ಕೆಲಸ ಇರಲಿಲ್ಲ. ಆದ್ರೂ ಮೊದಲ ಬಸ್ಸಿಗೆ ಹೋದೆ. ಅವಳು ಗಾಜನೂರಿನಿಂದ ಎರಡು ಬಸ್ಸು ಹತ್ತಿ ಇಳಿದು, ಸುಸ್ತಾಗಿ, ಗೋಡೆ ಹಿಡ್ಕೊಂಡು ಬಂದಳು. ಮಂಚ ನೋಡಿ, "ಇದು ನಂದೇನಾ ಮೇಡಂ? ನಾಳೆ ಇನ್ಯಾರದೋ ಅನ್ನಲ್ವಲ್ಲ?" ಅಂದಳು. ನಿಂದೇ, ಖಾಯಂ ಅಂದೆ. ಮಲಗಿದಳು. ಸೆಲ್ವಿ ಒಂದೇ ಸಲಕ್ಕೆ ಸೂಜಿ ಹಾಕಿದಳು.

ಗೌರಮ್ಮ ಬಂದ್ರು. ಕೈಯಲ್ಲಿ ಮಡಚಿದ ಒಂದು ಉಣ್ಣೆ ಕಂಬಳಿ. ಡಯಾಲಿಸಿಸ್ ಶುರುವಾದ್ರೆ ಕೆಲವರಿಗೆ ಮೈ ನಡುಗೋ ಚಳಿಯಾಗುತ್ತೆ. ಆಸ್ಪತ್ರೆಯ ತೆಳ್ಳನೆ ಶೀಟು ಸಾಲಲ್ಲ. "ಇದು ನಮ್ಮೋರದ್ದು. ಒಗೆದು ಒಣಗಿಸಿದ್ದೀನಿ. ಬೇಡ ಅನ್ನಬೇಡ ಮಗಾ" ಅಂತ ಗಿರಿಜಂಗೆ ಕುತ್ತಿಗೆವರೆಗೂ ಹೊದಿಸಿದ್ರು. ಗಿರಿಜಾ ಅವರ ಕೈ ಹಿಡ್ಕೊಂಡಳು.

ಆಮೇಲೆ ಗೌರಮ್ಮ ನನ್ನ ಕಡೆ ತಿರುಗಿದ್ರು. "ಫ್ಯಾಕ್ಟರೀಲಿ ಅವರದ್ದೊಂದು ಹಟ ಇತ್ತು ಮೇಡಂ. ಮುಂದಿನ ಶಿಫ್ಟಿನವನು ಬಂದು ಎದುರಿಗೆ ನಿಲ್ಲೋವರೆಗೂ ಫರ್ನೇಸ್ ಬಿಟ್ಟು ಬರ್ತಿರಲಿಲ್ಲ. ರಿಲೀವರ್ ತಡ ಮಾಡಿದ್ರೆ ಎಷ್ಟು ಹೊತ್ತಾದ್ರೂ ನಿಂತೇ ಇರೋರು. ನಾನು ಮುದ್ದೆ ಮುಚ್ಚಿಟ್ಟು ಕಾಯ್ತಿದ್ದೆ. ಮೊನ್ನೆ ಮೊನ್ನೆ ಮೆಸೇಜು ಬಂದಾಗೆಲ್ಲ ನಂಗೆ ಅದೇ ಅನ್ನಿಸೋದು, ಇನ್ನೂ ಇಲ್ಲೇ ನಿಂತಿದ್ದಾರೆ ಅಂತ."

ಸೆಲ್ವಿ ಮೆಷಿನ್ ಆನ್ ಮಾಡಿದಳು. ಗೌರಮ್ಮ ಮಂಚದ ತಲೆದಿಂಬಿನ ಪಕ್ಕ, ಯಾರೂ ಇಲ್ಲದ ಕಡೆ ನೋಡಿ, ಮನೆಯಲ್ಲಿ ಗಂಡನ ಜೊತೆ ಮಾತಾಡೋ ದನಿಯಲ್ಲೇ ಹೇಳಿದ್ರು:

"ರಿಲೀವರ್ ಬಂದ್ಲು ಕಣ್ರೀ. ಇನ್ನು ನೀವು ಹೊರಡಿ."